ಸಮುದ್ರದಾಚೆ ಕ್ಲಾಸಿಕ್ ರೇಸ್: ಗಾಡಿ ಒಯ್ಯುವುದೋ, ಬಾಡಿಗೆಗೆ ಹಿಡಿಯುವುದೋ, ಅಲ್ಲೇ ಕೊಳ್ಳುವುದೋ?

ಹಳೇ ಬೈಕಿನ ರೇಸಿಗೆಂದು ಹೊರದೇಶಕ್ಕೆ ಹೊರಡುವವರು ಲೆಕ್ಕವನ್ನು ಸಾಮಾನ್ಯವಾಗಿ ಕೊನೆಯಿಂದ ಶುರು ಮಾಡುತ್ತಾರೆ. ಮೊದಲು ವಿಮಾನದ ಟಿಕೆಟ್ ದರ ನೋಡುತ್ತಾರೆ, ಆಮೇಲೆ ಗಾಡಿ ಸಾಗಿಸಲು ಎಷ್ಟಾಗುತ್ತದೆ ಎಂದು ಕೇಳುತ್ತಾರೆ, ಎಲ್ಲ ಮುಗಿದ ಮೇಲೆ ರೇಸಿನ ನಿಯಮಪುಸ್ತಕ ತೆರೆಯುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು. ಯಾವ ರೇಸು ಎಂಬುದು ಗಟ್ಟಿಯಾದರೆ ನಿಮ್ಮ ಗಾಡಿಗೆ ಅಲ್ಲಿ ಜಾಗವಿದೆಯೇ ಎಂದು ತಿಳಿಯುತ್ತದೆ. ಅದು ತಿಳಿದರೆ ಮುಂದಿನ ಮೂರು ದಾರಿಗಳಲ್ಲಿ ಒಂದೋ ಎರಡೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಬೆಂಗಳೂರು, ಮೈಸೂರು ಕಡೆಯ ಹವ್ಯಾಸಿ ಸವಾರನನ್ನು. ಶೆಡ್ಡಿನಲ್ಲಿ ರೇಸಿಗೆ ಸಿದ್ಧ ಮಾಡಿದ ರಾಜದೂತ್ 350, ಯೆಜ್ಡಿ ಅಥವಾ ಹಳೇ ಜಾವಾ ಇದೆ. ಚೆನ್ನೈ ಪಕ್ಕದ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಓಡಿಸಿದ ಅನುಭವ ಇದೆ. ಪ್ರಾಯೋಜಕರಿಲ್ಲ, ಖರ್ಚೆಲ್ಲ ಸ್ವಂತ ಜೇಬಿನದು.

ಮೊದಲು ರೇಸು

ಹವ್ಯಾಸಿಗಳಿಗೆ ಬಾಗಿಲು ತೆರೆದಿರುವ ದೊಡ್ಡ ಕೂಟಗಳಲ್ಲಿ ಮೂರನ್ನು ಹೋಲಿಸಿದರೆ ಸಾಕು.

ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್‌ನಲ್ಲಿ ಜನವರಿಯಲ್ಲಿ ನಡೆಯುವ ಐಲೆಂಡ್ ಕ್ಲಾಸಿಕ್ ಮೊದಲ ಸಲ ಹೋಗುವವರಿಗೆ ಹೇಳಿ ಮಾಡಿಸಿದಂತಿದೆ. ಮೆಲ್ಬರ್ನ್‌ನಿಂದ ಸುಮಾರು 140 ಕಿ.ಮೀ. ದೂರ. 4.445 ಕಿ.ಮೀ. ಉದ್ದ, 12 ತಿರುವು, 900 ಮೀಟರಿನ ಗಾರ್ಡ್‌ನರ್ ಸ್ಟ್ರೇಟ್. ಬಹುಪಾಲು ತಿರುವುಗಳು ವೇಗದವು. ಬ್ರೇಕಿಗಿಂತ ಎಂಜಿನ್ನೂ ಸವಾರನ ಗುಂಡಿಗೆಯೂ ಹೆಚ್ಚು ಕೆಲಸ ಮಾಡುವ ಟ್ರ್ಯಾಕು ಇದು, ಹಾಗಾಗಿ ಡ್ರಮ್ ಬ್ರೇಕಿನ ಹಳೇ ಗಾಡಿಗೆ ಅನುಕೂಲ. ತೊಂದರೆ ಗಾಳಿಯದು. ಅಲ್ಲಿ ಬೇಸಿಗೆಯಾದರೂ ಬಾಸ್ ಜಲಸಂಧಿಯ ಕಡೆಯಿಂದ ತಣ್ಣನೆ ಗಾಳಿ ಎದ್ದರೆ ಹಗುರ ಗಾಡಿ ಒಂದು ಅಡಿ ಪಕ್ಕಕ್ಕೆ ಸರಿಯುತ್ತದೆ, ಟೈರು ಬಿಸಿಯಾಗಲು ಒಂದು ಸುತ್ತು ಹೆಚ್ಚಿಗೆ ಬೇಕಾಗುತ್ತದೆ.

ಅಮೆರಿಕದ ಅಲಬಾಮಾದ ಬಾರ್ಬರ್ ಮೋಟರ್‌ಸ್ಪೋರ್ಟ್ಸ್ ಪಾರ್ಕಿನಲ್ಲಿ ಅಕ್ಟೋಬರಿನಲ್ಲಿ ವಿಂಟೇಜ್ ಉತ್ಸವ. 2.38 ಮೈಲಿ, ಅಂದರೆ 3.83 ಕಿ.ಮೀ. ಏರಿಳಿತ ಜಾಸ್ತಿ, ಕುರುಡು ತಿರುವುಗಳೂ ಇವೆ. ರೇಸು ನಡೆಸುವುದು ಅಮೆರಿಕದ ಹಳೇ ಬೈಕು ರೇಸಿನ ಸಂಘ ಎ.ಎಚ್.ಆರ್.ಎಂ.ಎ. ಹೊಸಬರು ಅದರ ಸದಸ್ಯತ್ವ ಪಡೆದು, ಹಿಂದಿನ ಅನುಭವಕ್ಕೆ ದಾಖಲೆ ಇಲ್ಲದಿದ್ದರೆ ಅದರದೇ ರೇಸಿಂಗ್ ಶಾಲೆ ಮುಗಿಸಬೇಕು. ತರಗತಿಗಳ ಸಂಖ್ಯೆ ತಲೆ ತಿರುಗುವಷ್ಟಿದೆ. ಒಂದೇ ಗಾಡಿಯನ್ನು ಎರಡು ತರಗತಿಗೆ ಹೆಸರು ಕೊಟ್ಟು ವಾರಾಂತ್ಯದಲ್ಲಿ ಹೆಚ್ಚು ಸುತ್ತು ಓಡಿಸಬಹುದು. ಟ್ರ್ಯಾಕಿನ ಅಂಗಳದಲ್ಲೇ ಬಾರ್ಬರ್ ಬೈಕ್ ಮ್ಯೂಸಿಯಂ ಇದೆ. ಅದಕ್ಕೊಂದು ಇಡೀ ದಿನ ತೆಗೆದಿಡಿ.

ಮೂರನೆಯದು ಬ್ರಿಟನ್, ಐರ್ಲೆಂಡ್ ನಡುವಿನ ದ್ವೀಪ ಐಲ್ ಆಫ್ ಮ್ಯಾನ್. ಎಲ್ಲರಿಗೂ ಆಸೆ ಹುಟ್ಟುವುದು ಇಲ್ಲಿಗೇ. ಮ್ಯಾಂಕ್ಸ್ ಗ್ರಾಂಪ್ರಿ 1923ರಲ್ಲಿ ಹವ್ಯಾಸಿಗಳಿಗೆಂದೇ ಹುಟ್ಟಿದ ರೇಸು, ಈಗಿನ ಹೆಸರು ಬಂದದ್ದು 1930ರಲ್ಲಿ. 2013ರಿಂದ ಕೆಲ ವರ್ಷ ಕ್ಲಾಸಿಕ್ ಟಿಟಿ ಎಂಬ ಹೆಸರಿನಲ್ಲಿ ನಡೆದ ಹಳೇ ಗಾಡಿಗಳ ರೇಸುಗಳೂ 2022ರಿಂದ ಮತ್ತೆ ಮ್ಯಾಂಕ್ಸ್ ಹೆಸರಿನಡಿಗೇ ಬಂದಿವೆ. ಆಗಸ್ಟ್ ಕೊನೆಯ ಹೊತ್ತಿಗೆ, ಊರಿನ ರಸ್ತೆಗಳನ್ನು ಮುಚ್ಚಿ, 37.73 ಮೈಲಿಯ ಮೌಂಟನ್ ಕೋರ್ಸಿನಲ್ಲಿ. ಕಲ್ಲುಗೋಡೆ, ದೀಪದ ಕಂಬ, ಮನೆ ಬಾಗಿಲು ಎಲ್ಲವೂ ಕೈಯಳತೆಯಲ್ಲಿ. 1911ರಿಂದ ಈಚೆಗೆ ಈ ಕೋರ್ಸಿನಲ್ಲಿ ಪ್ರಾಣ ಕಳೆದುಕೊಂಡ ಸವಾರರು 250ಕ್ಕೂ ಹೆಚ್ಚು. ಹಣವಿದ್ದ ಮಾತ್ರಕ್ಕೆ ಪ್ರವೇಶವಿಲ್ಲ. ಇಂತಿಷ್ಟು ರೇಸು ಮುಗಿಸಿದ ದಾಖಲೆ ತೋರಿಸಿ ಮೌಂಟನ್ ಕೋರ್ಸಿನ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕು. ಮೊದಲ ವಿದೇಶಿ ರೇಸಿಗೆ ಇದನ್ನು ಆರಿಸಬೇಡಿ. ದ್ವೀಪದ ಸೆಳೆತ ಬಿಡದಿದ್ದರೆ ದಕ್ಷಿಣದಲ್ಲಿ ಕಾಸಲ್‌ಟೌನ್ ಬಳಿ 4.25 ಮೈಲಿಯ ಬಿಲ್ಲೌನ್ ಕೋರ್ಸಿದೆ. ಅದೂ ಊರ ರಸ್ತೆಯೇ, ಅಪಾಯ ಅಲ್ಲೂ ಇದೆ, ಆದರೆ ಉದ್ದ ಕಡಿಮೆಯಾದ್ದರಿಂದ ಒಂದೇ ವಾರದಲ್ಲಿ ಬಾಯಿಪಾಠವಾಗುತ್ತದೆ. ಮೌಂಟನ್ ಕೋರ್ಸು ಬಾಯಿಪಾಠವಾಗಲು ವರ್ಷಗಳು ಬೇಕು.

ನಿಮ್ಮ ಗಾಡಿ ಯಾವ ಕಾಲದ್ದು?

ಕ್ಲಾಸಿಕ್ ರೇಸಿನಲ್ಲಿ ಸಿಸಿ ಎಷ್ಟು ಮುಖ್ಯವೋ ಗಾಡಿಯ ಕಾಲವೂ ಅಷ್ಟೇ ಮುಖ್ಯ. ಆಸ್ಟ್ರೇಲಿಯಾದ ವಿಂಗಡಣೆ ಸರಳ: 1919ರವರೆಗಿನದು ವೆಟರನ್, 1920–45 ವಿಂಟೇಜ್, 1946–62 ಕ್ಲಾಸಿಕ್, 1963–72 ಪೋಸ್ಟ್ ಕ್ಲಾಸಿಕ್, 1973–82 ಫರ್ಗಾಟನ್ ಎರಾ, 1983–90 ನ್ಯೂ ಎರಾ.

ನಮ್ಮ ಗಾಡಿಗಳಿಗೆ ತೊಡಕು ಬರುವುದು ಇಲ್ಲೇ. ಎಸ್ಕಾರ್ಟ್ಸ್‌ನ ರಾಜದೂತ್ 350 ಇಲ್ಲಿ ಮಾರಾಟಕ್ಕೆ ಬಂದದ್ದು 1983ರಲ್ಲಿ, ಆದರೆ ಒಳಗಿರುವುದು 1973ರ ಯಮಹಾ ಆರ್‌ಡಿ 350ರ ವಿನ್ಯಾಸ: 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, 347 ಸಿಸಿ, ರೀಡ್ ವಾಲ್ವ್ (ಮಿಶ್ರಣವನ್ನು ಎಂಜಿನ್ನಿನೊಳಗೆ ಬಿಡುವ ತೆಳು ನಾಲಿಗೆಯ ಕವಾಟ). ಚಾಸಿಸ್ ಮೇಲಿನ ವರ್ಷವನ್ನೇ ಹಿಡಿದರೆ ನ್ಯೂ ಎರಾಕ್ಕೆ ಬಿದ್ದು, ಎಂಬತ್ತರ ದಶಕದ ವಾಟರ್‌ಕೂಲ್ಡ್ ಗಾಡಿಗಳ ಹಿಂದೆ ಹೊಗೆ ಕುಡಿಯುತ್ತಾ ಹೋಗಬೇಕಾಗುತ್ತದೆ. ವಿನ್ಯಾಸದ ವರ್ಷ ಹಿಡಿದರೆ ಫರ್ಗಾಟನ್ ಎರಾ. ಯಾವುದನ್ನು ಹಿಡಿಯುತ್ತಾರೆ ಎಂಬುದು ಸ್ಕ್ರೂಟಿನಿ (ರೇಸಿಗೆ ಮುಂಚಿನ ಗಾಡಿ ತಪಾಸಣೆ) ಅಧಿಕಾರಿಗೆ ಬಿಟ್ಟದ್ದು. ಜಪಾನಿನ ಮೂಲ ಮಾದರಿಯ ಪಾರ್ಟ್ಸ್ ಪುಸ್ತಕ, ಎರಡೂ ಗಾಡಿಗಳ ಎಂಜಿನ್ ಫೋಟೊ ಕಳಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಇನ್ನೂ ಹಿಂದಿನ ಪೋಸ್ಟ್ ಕ್ಲಾಸಿಕ್‌ಗೆ ತೂರಿಸಲು ಹೋಗಬೇಡಿ. 1970–72ರ ಯಮಹಾ ಆರ್5ರಲ್ಲಿ ಪಿಸ್ಟನ್ ಪೋರ್ಟ್ ಮಾತ್ರ, ರೀಡ್ ಬ್ಲಾಕ್ ಇರಲಿಲ್ಲ. ಕಾರ್ಬುರೇಟರ್ ಬಿಚ್ಚಿದ ಕೂಡಲೇ ಗುಟ್ಟು ಬಯಲಾಗುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳಿಗೂ ಇದೇ ಮಾತು. ಮೊದಮೊದಲು ಅಲ್ಲಿ ತಯಾರಾದ ಜಾವಾ 250 ಚೆಕ್ ದೇಶದ ಐವತ್ತರ ದಶಕದ ಮಾದರಿ, ಹಾಗಾಗಿ ಕ್ಲಾಸಿಕ್ ಗುಂಪಿಗೆ ವಾದ ಹೂಡಬಹುದು. ಅದಕ್ಕೆ ಯೆಜ್ಡಿ ರೋಡ್‌ಕಿಂಗ್‌ನ ಸಿಲಿಂಡರ್ ಕೂರಿಸಿದ್ದರೆ ವಾದ ಅಲ್ಲಿಗೇ ಮುಗಿಯಿತು.

ಇನ್ನೊಂದು ಗೊಂದಲ ಹೆಸರಿನದು. ವಿದೇಶದ ಪಟ್ಟಿಗಳಲ್ಲಿ ಕಾಣುವ ಹೋಂಡಾ ಸಿಬಿ 350 ಅಂದರೆ 1968–73ರ ಎರಡು ಸಿಲಿಂಡರಿನ ಗಾಡಿ, 325 ಸಿಸಿ. ಈಗ ನಮ್ಮ ಶೋರೂಮಿನಲ್ಲಿರುವ ಒಂಟಿ ಸಿಲಿಂಡರಿನದಲ್ಲ.

ಬಾಡಿಗೆ ಗಾಡಿ: ಕಡಿಮೆ ತಲೆನೋವು, ಹೆಚ್ಚು ಷರತ್ತು

ಗಾಡಿ, ಮೆಕ್ಯಾನಿಕ್, ಟೆಂಟು, ಪೆಟ್ರೋಲು ಎಲ್ಲ ಬಾಡಿಗೆಗೆ ಕೊಡುವವರದು. ಹೆಲ್ಮೆಟ್, ಲೆದರ್ ಸೂಟು ಹಿಡಿದು ನೀವು ಇಳಿದರೆ ಸಾಕು. ಮೊದಲ ಸಲಕ್ಕೆ ಇದೇ ಸರಿಯಾದ ದಾರಿ. ದಿನದ ಬಾಡಿಗೆ ದುಬಾರಿ ಅನ್ನಿಸಿದರೂ ಸಾಗಾಟ, ಕಸ್ಟಮ್ಸ್, ಠೇವಣಿಗಳನ್ನು ಕೂಡಿಸಿ ನೋಡಿದರೆ ಒಂದೇ ಒಂದು ರೇಸಿಗೆ ಸ್ವಂತ ಗಾಡಿ ಒಯ್ಯುವುದು ಅಪರೂಪಕ್ಕೂ ಅಗ್ಗವಾಗುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಬಿಡಿಸಿ ಕೇಳಬೇಕಾದದ್ದು ಎಂಜಿನ್ ಬಗ್ಗೆ. ಬಿದ್ದರೆ ಆಗುವ ನಷ್ಟವನ್ನು ಸವಾರ ತುಂಬುವುದು ಎಲ್ಲ ಕಡೆಯೂ ಇರುವ ಪದ್ಧತಿ. ಬೀಳದೆಯೇ ಎಂಜಿನ್ ಒಡೆದರೆ? ಕನೆಕ್ಟಿಂಗ್ ರಾಡ್ ತುಂಡಾಗುವುದು ಹಿಂದಿನ ರೇಸುಗಳ ಸವೆತದಿಂದಲೂ ಆಗಬಹುದು, ನೀವು ಗೇರು ತಪ್ಪಿಸಿ ಆರ್‌ಪಿಎಂ ಮೀರಿಸಿದ್ದರಿಂದಲೂ ಆಗಬಹುದು. ಗರಿಷ್ಠ ಆರ್‌ಪಿಎಂ ಎಷ್ಟು, ಮೀರಿದ್ದನ್ನು ತೋರಿಸುವ ಮೀಟರ್ ಇದೆಯೇ, ನಿಮ್ಮ ಹೊಣೆಯ ಗರಿಷ್ಠ ಮೊತ್ತ ಎಷ್ಟು: ಈ ಮೂರೂ ಬರಹದಲ್ಲಿರಲಿ. ಅಭ್ಯಾಸದ ದಿನವೇ ಗಾಡಿ ಕೈಕೊಟ್ಟರೆ ಬದಲಿ ಗಾಡಿ ಕೊಡುತ್ತಾರೋ ಹಣ ವಾಪಸು ಮಾಡುತ್ತಾರೋ ಎಂಬುದೂ ಇರಲಿ.

ಅದಕ್ಕಿಂತ ದೊಡ್ಡ ಅಪಾಯ ಕಾಲಿನಲ್ಲಿದೆ. ಮ್ಯಾಂಕ್ಸ್ ನಾರ್ಟನ್, ಮ್ಯಾಚ್‌ಲೆಸ್ ಜಿ50 ಮುಂತಾದ ಬ್ರಿಟಿಷ್ ಗಾಡಿಗಳ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲ ಗೇರು ಮೇಲಕ್ಕೆ, ಉಳಿದವು ಕೆಳಕ್ಕೆ. ರಾಜದೂತ್, ಯೆಜ್ಡಿಗಳಲ್ಲಿ ಎಡಗಾಲಿನಿಂದ ಗೇರು ಹಾಕಿ ಬೆಳೆದವನಿಗೆ ನಿಧಾನವಾಗಿ ಹೋಗುವಾಗ ಇದು ಕಷ್ಟವೇ ಅಲ್ಲ. ಗಾಬರಿಯಾದ ಗಳಿಗೆಯಲ್ಲಿ ಮಾತ್ರ ಹಳೇ ಅಭ್ಯಾಸ ಎದ್ದು ಕೂರುತ್ತದೆ. ಬ್ರೇಕೆಂದು ಬಲಗಾಲು ಒತ್ತಿದರೆ ಗೇರು ಮೇಲೇರಿ, ಇದ್ದ ಎಂಜಿನ್ ಹಿಡಿತವೂ ಹೋಗಿ, ಗಾಡಿ ಜಲ್ಲಿಕಲ್ಲಿಗೆ ನುಗ್ಗುತ್ತದೆ. ಎರಡು ಗಾಡಿ ಸಿಗುವ ಹಾಗಿದ್ದರೆ, ಹತ್ತು ಕುದುರೆ ಶಕ್ತಿ ಕಡಿಮೆಯಾದರೂ ಎಡಗಾಲಿನ ಗೇರಿನದನ್ನೇ ಆರಿಸಿ. ಹೋಂಡಾ ಸಿಬಿ 350 ಈ ಕಾರಣಕ್ಕೇ ಒಳ್ಳೆಯ ಆಯ್ಕೆ. ಬಿಡಿಭಾಗ ಧಾರಾಳ, ಓಡಿಸಲೂ ಸೌಮ್ಯ.

ಸ್ವಂತ ಗಾಡಿ: ವಿಮಾನವೋ ಹಡಗೋ

1962ರಲ್ಲಿ ನ್ಯೂಜಿಲೆಂಡಿನ ಇನ್‌ವರ್‌ಕಾರ್ಗಿಲ್‌ನ ಬರ್ಟ್ ಮನ್ರೊ ಎಂಬ ಹವ್ಯಾಸಿ ತನ್ನ 1920ರ ಇಂಡಿಯನ್ ಸ್ಕೌಟನ್ನು ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿಗೆ ಸಾಗಿಸಿದ. ಅಲ್ಲಿ 1967ರಲ್ಲಿ ಅವನು ಮಾಡಿದ ದಾಖಲೆಯನ್ನು ಇಂದಿಗೂ ನೆನೆಯುತ್ತಾರೆ. ತಾನೇ ಕೈಯಾರೆ ಕಟ್ಟಿದ ಗಾಡಿಗೆ ಬಾಡಿಗೆ ಗಾಡಿ ಯಾವತ್ತೂ ಸಮನಲ್ಲ ಎಂಬುದು ನಿಜವೇ. ಆದರೆ ಈ ದಾರಿ ಹಿಡಿಯುವವರು ಪೆಟ್ಟಿಗೆಯ ಅಳತೆಯಿಂದ ಶುರು ಮಾಡಬೇಕು.

ವಿಮಾನದಲ್ಲಿ ದರ ಕಟ್ಟುವುದು ತೂಕಕ್ಕಲ್ಲ. ತೂಕ, ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ಕಿಲೋ ಸಿಗುತ್ತದೆ. ಗಾಡಿಯನ್ನು ಇದ್ದ ಹಾಗೇ 210 × 80 × 120 ಪೆಟ್ಟಿಗೆಯಲ್ಲಿಟ್ಟರೆ 336 ಕಿಲೋ. ಗಾಡಿ 130, ಪೆಟ್ಟಿಗೆ 50 ಇದ್ದರೂ ದುಡ್ಡು 336ಕ್ಕೇ. ಮೂಗಿಗಿಂತ ಮೂಗುತಿ ಭಾರ. ಮುಂಚಕ್ರ, ಹ್ಯಾಂಡಲ್, ಫೇರಿಂಗ್, ಫುಟ್‌ರೆಸ್ಟ್ ಕಳಚಿ, ಫೋರ್ಕನ್ನು ಆಕ್ಸಲ್ ಜಾಗದಲ್ಲಿ ಕಬ್ಬಿಣದ ಬ್ರಾಕೆಟ್ಟಿಗೆ ಬೋಲ್ಟ್ ಮಾಡಿ 180 × 70 × 100ಕ್ಕೆ ಇಳಿಸಿದರೆ 210 ಕಿಲೋ. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಉಳಿತಾಯ, ಒಂದು ಮಧ್ಯಾಹ್ನದ ಕೆಲಸ.

ಅಂತರರಾಷ್ಟ್ರೀಯ ವಿಮಾನ ನಿಯಮದಲ್ಲಿ ಬೈಕು ಅಪಾಯಕಾರಿ ಸರಕು, ಯುಎನ್ 3166, ಒಂಬತ್ತನೇ ವರ್ಗ. ಟ್ಯಾಂಕು, ಕಾರ್ಬುರೇಟರ್ ಬೌಲು ಬರಿದಾಗಿರಬೇಕು, ಬ್ಯಾಟರಿ ಕಳಚಿ ಭದ್ರಪಡಿಸಿರಬೇಕು, ಘೋಷಣಾಪತ್ರ ಇರಬೇಕು. ಟ್ಯಾಂಕು ಖಾಲಿ ಮಾಡಿದರೂ ವಾಸನೆ ಹೊಡೆಯುತ್ತಿದ್ದರೆ ಗೋದಾಮಿನಲ್ಲೇ ತಡೆಯುತ್ತಾರೆ. ಎರಡು ದಿನ ಮುಚ್ಚಳ ತೆಗೆದು ಗಾಳಿಗಿಡಿ. ಕೈಚೀಲದಲ್ಲಿ ಹಳೇ ಕಾರ್ಬುರೇಟರ್ ಒಯ್ಯುವವರಿಗೂ ಇದೇ ಗತಿ: ಪೆಟ್ರೋಲಿನ ಅಂಶ ಕಂಡರೆ ವಿಮಾನಕ್ಕೆ ಹತ್ತಿಸುವುದಿಲ್ಲ. ಎರಡು ಸ್ಟ್ರೋಕಿನ ಆಯಿಲು ಅಲ್ಲೇ ಕೊಳ್ಳಿ.

ಹಡಗಿನಲ್ಲಿ ದರ ಘನಮೀಟರಿಗೆ. ದೊಡ್ಡ ಪೆಟ್ಟಿಗೆ 2.02, ಚಿಕ್ಕದು 1.26. ಸಾಗಾಟ ಅಗ್ಗ, ಆದರೆ ಪೂರ್ತಿ ಕಂಟೇನರ್ ಹಿಡಿಯದ ಬಿಡಿ ಸರಕಿಗೆ ಎರಡೂ ಬಂದರುಗಳಲ್ಲಿ ಗೋದಾಮು, ನಿರ್ವಹಣೆ, ದಾಖಲೆಯ ಶುಲ್ಕ ಬೇರೆ. ಏಜೆಂಟರು ಮೊದಲು ಹೇಳುವ ದರದಲ್ಲಿ ಆಚೆ ಬಂದರಿನ ಖರ್ಚು ಸೇರಿರುವುದು ಕಡಿಮೆ, ಕೇಳಿಯೇ ಪಡೆಯಬೇಕು. ಚೆನ್ನೈನಿಂದ ಹೊರಟ ಬಿಡಿ ಸರಕು ನಡುವೆ ಒಂದು ಬಂದರಿನಲ್ಲಿ ಹಡಗು ಬದಲಿಸುವುದು ಸಾಮಾನ್ಯ, ಸಿಕ್ಕಿಬೀಳುವುದೂ ಅಲ್ಲೇ. ಜನವರಿ ರೇಸಿಗೆ ನವೆಂಬರ್ ಆರಂಭದಲ್ಲೇ ಪೆಟ್ಟಿಗೆ ಹೊರಡಬೇಕು, ವಾಪಸು ಬರುವಷ್ಟರಲ್ಲಿ ಮಾರ್ಚ್ ಅಥವಾ ಏಪ್ರಿಲ್. ಅಷ್ಟು ತಿಂಗಳು ಗಾಡಿ ನಿಮ್ಮ ಕೈಯಲ್ಲಿರುವುದಿಲ್ಲ.

ಐದಾರು ಜನ ಕೂಡಿದರೆ ಲೆಕ್ಕವೇ ಬೇರೆ. ಇಪ್ಪತ್ತಡಿ ಕಂಟೇನರಿನ ಒಳ ಅಳತೆ ಸುಮಾರು 5.9 ಮೀಟರ್ ಉದ್ದ, 2.35 ಅಗಲ. ಚಿಕ್ಕ ಪೆಟ್ಟಿಗೆಗಳನ್ನು ಅಡ್ಡ ಮೂರು, ಉದ್ದ ಮೂರು ಜೋಡಿಸಿದರೆ ಒಂದೇ ಪದರದಲ್ಲಿ ಒಂಬತ್ತು ಗಾಡಿ ಹಿಡಿಸುತ್ತವೆ. ಬೇರೆಯವರ ಸರಕಿನ ತಪಾಸಣೆಗೆ ನಿಮ್ಮದು ಕಾಯುವುದೂ ತಪ್ಪುತ್ತದೆ. ಗುಂಪಾಗಿ ಹೋದರೂ ಕಾಗದಪತ್ರ ಮಾತ್ರ ಒಬ್ಬೊಬ್ಬರದು ಬೇರೆಬೇರೆ ಇರಲಿ.

ಪೆಟ್ಟಿಗೆಗೆ ಪ್ಲೈವುಡ್ಡಲ್ಲದ ಸಾದಾ ಮರದ ಪಟ್ಟಿ ಬಳಸಿದರೆ ಅದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮುದ್ರೆಯದಾಗಿರಬೇಕು. ಪ್ಲೈವುಡ್ಡಿಗೆ ಈ ನಿಯಮ ಅನ್ವಯಿಸುವುದಿಲ್ಲ. 25 ಮಿ.ಮೀ. ಕಬ್ಬಿಣದ ಆ್ಯಂಗಲ್ ಚೌಕಟ್ಟು, ಅಡಿಗೆ 18 ಮಿ.ಮೀ. ಪ್ಲೈವುಡ್, ಸುತ್ತ 6 ಮಿ.ಮೀ. ಪ್ಲೈವುಡ್; ಪೀಣ್ಯದ ಯಾವ ವೆಲ್ಡಿಂಗ್ ಶಾಪಿನಲ್ಲಾದರೂ ಆಗುತ್ತದೆ. ಬೋಲ್ಟಿನಿಂದ ಬಿಚ್ಚಿ ಮಡಚುವಂತಿರಲಿ, ವಾಪಸಿಗೂ ಅದೇ ಬೇಕು. ಮುಂಚಕ್ರ ಇಟ್ಟೇ ಕಟ್ಟುವುದಾದರೆ ಫೋರ್ಕನ್ನು ಪೂರ್ತಿ ಒತ್ತಿ ಬಿಗಿಯಬೇಡಿ. ಎರಡು ತಿಂಗಳು ಹಾಗೇ ಇದ್ದರೆ ಆಯಿಲ್ ಸೀಲು ಬಿಟ್ಟುಕೊಳ್ಳುತ್ತದೆ. ಸಮುದ್ರದ ತೇವಕ್ಕೆ ಪ್ರತಿ ಸಿಲಿಂಡರಿಗೆ 10 ಮಿ.ಲೀ. ಆಯಿಲ್ ಬಿಟ್ಟು, ಎಂಜಿನ್ ಒಂದೆರಡು ಸುತ್ತು ತಿರುಗಿಸಿ, ಕಾರ್ಬುರೇಟರ್ ಬಾಯಿ, ಸೈಲೆನ್ಸರ್ ತುದಿ ಬಟ್ಟೆಯಿಂದ ಮುಚ್ಚಿ. ಆ ಬಟ್ಟೆಗೆ ಕೆಂಪು ರಿಬ್ಬನ್ ಕಟ್ಟಿ. ತೆಗೆಯಲು ಮರೆತು ಕಿಕ್ ಹೊಡೆಯುವವರು ಪ್ರತಿ ಪ್ಯಾಡಕ್ಕಿನಲ್ಲೂ (ಗಾಡಿ ಸಿದ್ಧಪಡಿಸುವ ಅಂಗಳ) ಇರುತ್ತಾರೆ.

ಆಸ್ಟ್ರೇಲಿಯಾ ಮತ್ತು ಕಲ್ನಾರು

ಹಳೇ ಗಾಡಿ ಬಂದರಿನಲ್ಲೇ ನಿಂತುಬಿಡಲು ಬಲವಾದ ಕಾರಣ ಇದು. 2003ರ ಡಿಸೆಂಬರ್ 31ರಿಂದ ಆಸ್ಟ್ರೇಲಿಯಾ ಕಲ್ನಾರಿನ (ಆಸ್ಬೆಸ್ಟಾಸ್) ಆಮದನ್ನು ಪೂರ್ತಿ ನಿಷೇಧಿಸಿದೆ. ಇಷ್ಟರೊಳಗಿದ್ದರೆ ಪರವಾಗಿಲ್ಲ ಎಂಬ ರಿಯಾಯಿತಿ ಇಲ್ಲ, ಮೂರು ದಿನದ ರೇಸಿಗೆ ತಂದದ್ದು ಎಂಬ ವಿನಾಯಿತಿಯೂ ಇಲ್ಲ. ಹಳೇ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಹೆಡ್ ಗ್ಯಾಸ್ಕೆಟ್, ಸೈಲೆನ್ಸರ್ ಪ್ಯಾಕಿಂಗ್, ಕಾರ್ಬುರೇಟರಿನ ಶಾಖ ತಡೆಯುವ ವಾಷರ್: ಎಲ್ಲವೂ ಅನುಮಾನಕ್ಕೆ ಪಾತ್ರ. ಕ್ಲಿಂಗರಿಟ್ ಎಂದು ನಾವು ಹಾಳೆ ಕತ್ತರಿಸಿ ಕೂರಿಸುವ ಪ್ಯಾಕಿಂಗೂ ಮೂಲದಲ್ಲಿ ಕಲ್ನಾರಿನದೇ.

ಆದ್ದರಿಂದ ಪೆಟ್ಟಿಗೆ ಕಟ್ಟುವ ಎರಡು ತಿಂಗಳ ಮುಂಚೆ ಎಂಜಿನ್ ಬಿಚ್ಚಿ. ಹೆಡ್ಡಿಗೆ ತಾಮ್ರದ ಗ್ಯಾಸ್ಕೆಟ್, ಉಳಿದೆಡೆ ಕಲ್ನಾರುರಹಿತ ಹಾಳೆ. ಬ್ರೇಕ್ ಶೂಗಳಿಗೆ ಕಲ್ನಾರುರಹಿತ ಲೈನರ್ ಹಾಕಿಸಿ, ಡ್ರಮ್ಮಿನ ವ್ಯಾಸಕ್ಕೆ ತಕ್ಕಂತೆ ಲೇತಿನಲ್ಲಿ ತಿರುಗಿಸಿ, ಇಲ್ಲೇ ಓಡಿಸಿ ಕೂಡಿಸಿಕೊಳ್ಳಿ. ಹೊಸ ಲೈನರಿನ ಮೊದಲ ಪರೀಕ್ಷೆ ಗಾರ್ಡ್‌ನರ್ ಸ್ಟ್ರೇಟಿನ ಕೊನೆಯಲ್ಲಿ ಆಗಬಾರದು. ತೆಗೆದ ಹಳೆಯದನ್ನು ಏರ್ ಹೋಸಿನಿಂದ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ ಚೀಲದಲ್ಲಿ ಮುಚ್ಚಿಡಿ. ಅಂಗಡಿಯವನ ಮಾತು ಕಸ್ಟಮ್ಸಿಗೆ ಸಾಕ್ಷಿಯಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ, ಯಾವ ಭಾಗದ ಮಾದರಿ ಎಂಬ ಫೋಟೊ ಸಹಿತ ಒಯ್ಯಿರಿ. ಸ್ಪೇರ್ ಪೆಟ್ಟಿಗೆಯಲ್ಲಿ ಮರೆತುಹೋದ ಒಂದು ಹಳೇ ಕ್ಲಚ್ ಪ್ಲೇಟು ಇಡೀ ಸರಕನ್ನು ನಿಲ್ಲಿಸಬಲ್ಲದು. ಟೈರಿನ ಗೆರೆ, ಚೈನ್ ಕವರಿನ ಒಳಗೆ ಮಣ್ಣು, ಬೀಜ ಇದ್ದರೆ ಜೈವಿಕ ಭದ್ರತೆಯವರು ತೊಳೆಸಿ, ಬಿಲ್ಲು ನಿಮಗೇ ಕೊಡುತ್ತಾರೆ.

ಅಮೆರಿಕದಲ್ಲಿ ಈ ತಲೆನೋವಿಗಿಂತ ಫಾರಂಗಳದ್ದು ಹೆಚ್ಚು: ಪರಿಸರ ಇಲಾಖೆಯ 3520-1, ಸಾರಿಗೆಯವರ ಎಚ್‌ಎಸ್-7. ಹಡಗಿಗೆ ತುಂಬುವ 24 ಗಂಟೆ ಮುಂಚೆಯೇ ಸರಕಿನ ವಿವರ ಅಮೆರಿಕದ ಕಸ್ಟಮ್ಸಿಗೆ ತಲುಪಿರಬೇಕು. ರೇಸಿಗೆಂದು ತಾತ್ಕಾಲಿಕವಾಗಿ ತರುವ ಬೈಕಿಗೆ ಅವರ ಸುಂಕಪಟ್ಟಿಯಲ್ಲಿ ಪ್ರತ್ಯೇಕ ಸಾಲೇ ಇದೆ, 9813.00.35. ಈ ಸಂಖ್ಯೆ ಏಜೆಂಟನಿಗೆ ನೀವೇ ಹೇಳಿ.

ಕಾರ್ನೆ: ಗಾಡಿಯ ಪಾಸ್‌ಪೋರ್ಟು

ಸುಂಕ ಕಟ್ಟದೆ ಗಾಡಿ ಒಯ್ದು ವಾಪಸು ತರಲು ಸಾಮಾನ್ಯವಾಗಿ ಬಳಸುವುದು ಎಟಿಎ ಕಾರ್ನೆ, ಅಂದರೆ ತಾತ್ಕಾಲಿಕ ಸಾಗಾಟದ ಕಸ್ಟಮ್ಸ್ ಪುಸ್ತಕ. ಭಾರತದಲ್ಲಿ ಕೊಡುವುದು ವಾಣಿಜ್ಯ ಸಂಘಗಳ ಒಕ್ಕೂಟ ಫಿಕ್ಕಿ. ಅವಧಿ ಒಂದು ವರ್ಷ. ಭದ್ರತೆಯಾಗಿ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು. ರೇಸಿಗೆ ಒಯ್ಯುವ ಬೈಕನ್ನು ಆಯಾ ದೇಶ ಯಾವ ಶೀರ್ಷಿಕೆಯಡಿ ಒಪ್ಪುತ್ತದೆ ಎಂಬುದನ್ನು ಅರ್ಜಿಗೆ ಮುಂಚೆ ಲಿಖಿತವಾಗಿ ತಿಳಿದುಕೊಳ್ಳಿ. ಹಳದಿ ಹಾಳೆ ನಮ್ಮ ಕಸ್ಟಮ್ಸಿಗೆ, ಬಿಳಿ ಹಾಳೆ ಅವರ ಕಸ್ಟಮ್ಸಿಗೆ, ನೀಲಿ ಹಾಳೆ ದಾಟಿಹೋಗುವ ದೇಶಕ್ಕೆ.

ಕಾರ್ನೆಯ ಪಟ್ಟಿಯಲ್ಲಿ ಬರೆದದ್ದೆಲ್ಲ ವಾಪಸು ಬರಲೇಬೇಕು. ಪ್ಲಗ್, ಆಯಿಲ್, ಟೈರಿನಂಥ ಸವೆದುಹೋಗುವ ವಸ್ತು ಅದರಡಿ ಬರುವುದಿಲ್ಲ. ಬಿಡಿ ಪಿಸ್ಟನ್, ಕ್ರ್ಯಾಂಕ್, ಸಿಡಿಐ (ಇಗ್ನಿಷನ್ ಪೆಟ್ಟಿಗೆ) ಬರೆದಿದ್ದರೆ ಉಪಯೋಗಿಸಿದ ಮೇಲೂ ಒಡೆದ ಹಳೇ ಚೂರು ತರಬೇಕು. ಎಂಜಿನ್ ಕೇಸು ಒಡೆದುಹೋಯಿತು, ಅಲ್ಲೇ ಬೇರೊಂದು ಕೊಂಡು ಹಾಕಿದಿರಿ ಎನ್ನಿ. ಮರಳುವಾಗ ನಂಬರು ಹೊಂದುವುದಿಲ್ಲ, ಕಸ್ಟಮ್ಸಿನ ಕಣ್ಣಿಗೆ ಅದು ಬೇರೆಯೇ ಗಾಡಿ. ನಂಬರಿರುವ ಒಡಕು ಕೇಸನ್ನು ತಿಪ್ಪೆಗೆಸೆಯದೆ ಹೊತ್ತು ತನ್ನಿ. ನಮ್ಮ ರೇಸ್ ಗಾಡಿಗಳಲ್ಲಿ ಚಾಸಿಸ್ ನಂಬರನ್ನು ಉಜ್ಜಿ ಬಣ್ಣ ಬಳಿದಿರುವುದು ಸಾಮಾನ್ಯ. ಹೊರಡುವ ಮುಂಚೆ ಬಣ್ಣ ಕೆರೆದು, ನಂಬರಿನ ಹತ್ತಿರದ ಫೋಟೊ ಕಾಗದಪತ್ರದ ಜೊತೆ ಸೇರಿಸಿ. ಹಿಂತಿರುಗುವಾಗ ಗಾಡಿ ಅದೇ ಎಂದು ರುಜುವಾತಾಗದಿದ್ದರೆ ನಿಮ್ಮ ಗಾಡಿಗೇ ನೀವು ಆಮದು ಸುಂಕ ಕಟ್ಟಬೇಕಾದೀತು.

ಅಲ್ಲೇ ಕೊಳ್ಳುವುದು

ಒಂದೇ ದೇಶಕ್ಕೆ ಮೂರು ವರ್ಷವಾದರೂ ಹೋಗುವ ಇರಾದೆ ಇದ್ದರೆ ಮಾತ್ರ ಇದರ ಬಗ್ಗೆ ಯೋಚಿಸಿ. ಮೆಲ್ಬರ್ನಿನಲ್ಲೋ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲೋ ನೆಂಟರ ಗ್ಯಾರೇಜು ಇದ್ದವರಿಗೆ ಇದು ಸಲೀಸು. ವರ್ಷಕ್ಕೊಮ್ಮೆ ಪೆಟ್ರೋಲು ಬರಿದು ಮಾಡಿ ಮುಚ್ಚಿಡುವುದಷ್ಟೇ ಅವರಿಗೆ ಕೊಡುವ ಕೆಲಸ. ಕೊಳ್ಳುವಾಗ ಎಂಜಿನ್ನಿಗಿಂತ ಮೊದಲು ಗಾಡಿಯ ಹಿಸ್ಟಾರಿಕ್ ಲಾಗ್‌ಬುಕ್ ನೋಡಿ. ಯಾವ ತರಗತಿಗೆ ಒಪ್ಪಿಗೆ ಇದೆ ಎಂಬುದಕ್ಕೆ ಅದೇ ಆಧಾರ. ಲಾಗ್‌ಬುಕ್ಕಿಲ್ಲದ ಅಗ್ಗದ ಗಾಡಿಗಿಂತ, ಇರುವ ದುಬಾರಿ ಗಾಡಿ ವಾಸಿ. ಊರಿಗೆ ತರುವ ಕನಸು ಬಿಡಿ. ಹಳೇ ವಾಹನದ ಆಮದಿಗೆ ಇಲ್ಲಿ ನಿರ್ಬಂಧವಿದೆ. ಮಾರುವುದಾದರೆ ಕೊನೆಯ ರೇಸಿನ ಭಾನುವಾರ, ಪ್ಯಾಡಕ್ಕಿನಲ್ಲೇ ಗಿರಾಕಿ ಸಿಗುತ್ತಾರೆ.

ಜೆಟ್, ಸ್ಪ್ರಾಕೆಟ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ 28 ಡಿಗ್ರಿಯಲ್ಲಿ ಟ್ಯೂನ್ ಮಾಡಿದ ಎಂಜಿನ್ನಿಗೆ ಫಿಲಿಪ್ ಐಲೆಂಡಿನ 20 ಡಿಗ್ರಿಯ ಗಾಳಿ ಹೆಚ್ಚುಕಡಿಮೆ 14 ಶೇಕಡಾ ದಟ್ಟ. ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ ಬದಲಿಸದಿದ್ದರೆ ಮಿಶ್ರಣ ಲೀನ್ ಆಗಿ (ಪೆಟ್ರೋಲು ಕಡಿಮೆಯಾಗಿ), ಉದ್ದದ ಸ್ಟ್ರೇಟಿನಲ್ಲಿ ಪೂರ್ತಿ ಎಕ್ಸಲರೇಟರ್ ಹಿಡಿದಾಗ ಪಿಸ್ಟನ್ ಸೀಜ್. ಮಿಕುನಿ ಮೇನ್ ಜೆಟ್ಟಿನಲ್ಲಿ ಸುಮಾರು 7 ಶೇಕಡಾ ಏರಿಸಿ. ಇಲ್ಲಿ 180 ಇದ್ದರೆ ಅಲ್ಲಿ 190ರಿಂದ 195. ಚೆನ್ನೈನ 35 ಡಿಗ್ರಿಯಲ್ಲಿ ಹೊಂದಿಸಿದ್ದಾದರೆ ಎರಡೂವರೆ ಮೂರು ಶೇಕಡಾ ಸಾಕು. ದೊಡ್ಡದರಿಂದ ಶುರು ಮಾಡಿ, ಪ್ಲಗ್ಗಿನ ಬಣ್ಣ ನೋಡುತ್ತಾ ಇಳಿಸುತ್ತಾ ಬನ್ನಿ, ಏರಿಸುತ್ತಾ ಹೋಗಬೇಡಿ. ಮ್ಯಾನ್ ದ್ವೀಪದ ಮೌಂಟನ್ ಕೋರ್ಸಿನಲ್ಲಿ ಈ ಲೆಕ್ಕವೂ ಪೂರ್ತಿ ನಡೆಯುವುದಿಲ್ಲ. ಒಂದೇ ಸುತ್ತಿನಲ್ಲಿ ಸಮುದ್ರದ ಬಳಿಯಿಂದ 422 ಮೀಟರಿಗೆ ಏರುತ್ತದೆ. ಕೆಳಗಿನ ದಟ್ಟ ಗಾಳಿಗೆ ಹೊಂದಿಸಿ, ಮೇಲೆ ಸ್ವಲ್ಪ ರಿಚ್ (ಪೆಟ್ರೋಲು ಹೆಚ್ಚಾಗಿ) ಓಡುವುದನ್ನು ಸಹಿಸಿಕೊಳ್ಳಬೇಕು.

ನಮ್ಮ ಟ್ರ್ಯಾಕಿನ ಗೇರಿಂಗ್ ಅಲ್ಲಿ ಗಿಡ್ಡವಾಗುತ್ತದೆ. ಮುಂದಿನ ಸ್ಪ್ರಾಕೆಟ್ 15, 16, 17, ಹಿಂದಿನದು ಎರಡೆರಡು ಹಲ್ಲಿನ ಅಂತರದಲ್ಲಿ ಮೂರು ಒಯ್ಯಿರಿ. ಮುಂದೆ ಒಂದು ಹಲ್ಲು ಏರಿಸಿದರೆ ಹಿಂದೆ ಎರಡೂವರೆ ಹಲ್ಲು ಇಳಿಸಿದಂತೆ. ಚೈನಿನ ಉದ್ದಕ್ಕೆ ಅರ್ಧ ಲಿಂಕಿನ ಸಮಸ್ಯೆ ಬರುವುದರಿಂದ ಒಂದು ಚೈನು ಹೆಚ್ಚಿಗಿರಲಿ.

ಸ್ಕ್ರೂಟಿನಿಯಲ್ಲಿ ನಮ್ಮವರು ಸಿಕ್ಕಿಬೀಳುವುದು ಸಣ್ಣ ವಿಷಯಗಳಿಗೆ. ಆಯಿಲ್ ಡ್ರೈನ್ ಬೋಲ್ಟ್, ಫಿಲ್ಲರ್ ಕ್ಯಾಪಿಗೆ 0.8 ಮಿ.ಮೀ. ಸ್ಟೀಲ್ ಲಾಕ್ ವೈರ್ ಕಟ್ಟಿರಬೇಕು, ತಂತಿಯ ಎಳೆತ ಬೋಲ್ಟನ್ನು ಬಿಗಿಸುವ ದಿಕ್ಕಿಗಿರಬೇಕು. ಎಂಜಿನ್ನಿನ ಗಾಳಿ ಬಿಡುವ ಬ್ರೀದರ್ ಪೈಪು ಆಯಿಲ್ ಹಿಡಿಯುವ ಕ್ಯಾಚ್ ಟ್ಯಾಂಕಿಗೆ ಹೋಗಬೇಕು. ಹಿಂದಿನ ಸ್ಪ್ರಾಕೆಟ್ಟಿನ ಕೆಳಗೆ ಬೆರಳು ಸಿಲುಕದಂತೆ ಗಾರ್ಡು. ಹೆಲ್ಮೆಟ್ಟಿಗೆ ಐಎಸ್‌ಐ ಮುದ್ರೆ ಮಾತ್ರ ಸಾಲದು, ಯುರೋಪಿನ ಮಾನದಂಡ ಇಸಿಇ 22.06 ಇರಲಿ.

ಲೈಸೆನ್ಸ್, ವಿಮೆ, ವೀಸಾ

ಹೊರದೇಶದಲ್ಲಿ ಓಡಿಸಲು ಭಾರತದ ಮೋಟಾರ್ ಕ್ರೀಡೆಯ ಒಕ್ಕೂಟ ಎಫ್‌ಎಂಎಸ್‌ಸಿಐ ಲೈಸೆನ್ಸಿನ ಜೊತೆ ಆ ರೇಸಿನ ಹೆಸರಿಗೆ ಅದರಿಂದಲೇ ಸ್ಟಾರ್ಟ್ ಪರ್ಮಿಷನ್ ಪಡೆಯಬೇಕು. ಜನವರಿ ರೇಸಿಗೆ ಹೋಗುವವರು ಹೊಸ ವರ್ಷದ ಲೈಸೆನ್ಸ್ ಬೇಕೆಂಬುದನ್ನು ಡಿಸೆಂಬರಿನಲ್ಲೇ ನೆನಪಿಟ್ಟುಕೊಳ್ಳಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಮೋಟಾರ್ ರೇಸನ್ನು ಹೊರಗಿಟ್ಟಿರುತ್ತಾರೆ. ಕಾಲು ಮುರಿದು ಆಸ್ಪತ್ರೆ ಸೇರಿದ ಮೇಲೆ ಆ ಸಾಲು ಕಣ್ಣಿಗೆ ಬಿದ್ದರೆ ಪ್ರಯೋಜನವಿಲ್ಲ. ಚಿಕಿತ್ಸೆ, ಊರಿಗೆ ಸಾಗಿಸುವ ಖರ್ಚು ಎರಡನ್ನೂ ಒಳಗೊಂಡ, ರೇಸ್ ಎಂಬ ಪದವನ್ನೇ ಹೇಳುವ ಪಾಲಿಸಿ ಬೇಕು. ವೀಸಾ ಅರ್ಜಿಯಲ್ಲಿ ಹವ್ಯಾಸಿ, ಸಂಭಾವನೆ ಇಲ್ಲ ಎಂದು ಸ್ಪಷ್ಟವಾಗಿ ಬರೆದು ಆಯೋಜಕರ ಪತ್ರ ಲಗತ್ತಿಸಿ. ಅಮೆರಿಕದ ಬಿ-2 ಪ್ರವಾಸಿ ವೀಸಾದಲ್ಲಿ ಸಂಭಾವನೆಯಿಲ್ಲದ ಹವ್ಯಾಸಿ ಸ್ಪರ್ಧೆಗೆ ಅವಕಾಶವಿದೆ, ಆದರೆ ಸಂದರ್ಶನದ ದಿನ ಸಿಗುವುದೇ ನಿಧಾನ. ಬಾರ್ಬರ್ ಮನಸ್ಸಿನಲ್ಲಿದ್ದರೆ ಒಂದು ವರ್ಷ ಮುಂಚೆ ವೀಸಾ, ಆಮೇಲೆ ಮಿಕ್ಕದ್ದು.

ಗಾಡಿ ಒಯ್ದವರು ಮರಳುವ ವಿಮಾನವನ್ನು ರೇಸಿನ ಮರುದಿನಕ್ಕೆ ಬುಕ್ ಮಾಡಬೇಡಿ. ಆ ದೇಶ ಬಿಡುವಾಗ ಕಾರ್ನೆಯ ಬಿಳಿ ಹಾಳೆಗೆ ಮರುರಫ್ತಿನ ಮುದ್ರೆ ಬೀಳದಿದ್ದರೆ ಗಾಡಿ ಅಲ್ಲೇ ಉಳಿಯಿತೆಂದು ಲೆಕ್ಕ. ತಿಂಗಳುಗಳ ನಂತರ ಸುಂಕದ ಬೇಡಿಕೆ ಬರುತ್ತದೆ, ಠೇವಣಿ ಸಿಕ್ಕಿಕೊಳ್ಳುತ್ತದೆ. ಜನವರಿ 26 ನಮಗೆ ಗಣರಾಜ್ಯೋತ್ಸವವಾದರೆ ಅಲ್ಲಿ ಆಸ್ಟ್ರೇಲಿಯಾ ಡೇ. ಅದು ವಾರಾಂತ್ಯಕ್ಕೆ ಬಂದರೆ ಸೋಮವಾರವೂ ರಜೆ. ಪೆಟ್ಟಿಗೆ ಮತ್ತೆ ಕಟ್ಟಲು ಒಂದು ದಿನ, ಏಜೆಂಟನ ಕಚೇರಿಗೆ ಒಂದು ದಿನ, ಮುದ್ರೆಗೆ ಒಂದು ದಿನ: ರಜೆ ಬಿಟ್ಟು ಮೂರು ಕೆಲಸದ ದಿನ ಕೈಯಲ್ಲಿಟ್ಟುಕೊಂಡು ಟಿಕೆಟ್ ಮಾಡಿಸಿ.